ದಾವಲ್ ಬೀಯ ಉಡಿ ಹತ್ತಿ

ದಾವಲ್ ಬೀಯ ಎಡಗೆನ್ನೆಯ ಮೇಲೆ ಒಂದು ಗೆರೆ ಇದೆ. ಮಿಲ್ಲಿನ ಯಂತ್ರ ತಿರುಗಿಸುವ ಚರ್ಮದ ಪಟ್ಟಾದ ಏಟು ಅದು. ದವಡೆಯ ಹತ್ತಿರ ಶುರುವಾಗಿ, ಮೇಲೇರಿ, ಕಣ್ಣಿನೊಳಗೇ ಹೋಗಿ ಮುಗಿಯುತ್ತದೆ. ಆ ಕಣ್ಣಿಗೆ ಈಗ ಹಗಲು ಯಾವುದು, ರಾತ್ರಿ ಯಾವುದು ಅನ್ನುವುದಷ್ಟೇ ಗೊತ್ತಾಗುತ್ತದೆ. ಹೊಡೆದವನು ಅವಳ ತಮ್ಮ ಗುಲಾಮ್ ದಸ್ತಗೀರ್. ತಾಯಿ ಸತ್ತ ಮೇಲೆ ಅವನಿಗೆ ಅನ್ನ ಕಲಸಿ ಉಣಿಸಿದವಳು ಅವಳೇ. ಹೊಡೆದದ್ದು ಒಂದು ಉಡಿ ಅರಳೆಗಾಗಿ, ಬೀಜ ತೆಗೆದ ಹತ್ತಿಗಾಗಿ. ಅದೂ ನೆಲಕ್ಕೆ ಬಿದ್ದು ಧೂಳು ಹತ್ತಿದ್ದು.

ರಾಯಚೂರಿನ ನಮ್ಮ ಓಣಿಯಲ್ಲಿ ಆ ಉಡಿ ಹತ್ತಿಯ ಮೇಲೆ ಮಲಗದ ತಲೆ ಇಲ್ಲ. ಗಂಡನ ಮನೆಗೆ ಹೋಗುವ ಹುಡುಗಿಯರ ಗಾದಿ, ಬಾಣಂತಿಯರ ತಲೆದಿಂಬು, ಮಸೀದಿಯ ಮುಂದೆ ಕೂರುವ ಮುದುಕನ ರಜಾಯಿ, ಮಠದ ದೀಪದ ಬತ್ತಿ, ಎಲ್ಲವೂ ಅವಳ ಸೀರೆಯ ಉಡಿಯಲ್ಲಿ ಕೂತು ಮಿಲ್ಲಿನಿಂದ ಬಂದವು. ಹೊಸ ದಿಂಬಿಗೆ ಕಿವಿ ಇಟ್ಟರೆ ಒಳಗೆ ಉಳಿದುಹೋದ ಹತ್ತಿಕಾಳು ಒಂದೊಂದು ಸಲ ಕಟಕ್ ಅನ್ನುತ್ತಿತ್ತು.

ಅವಳು ಹುಟ್ಟಿದ್ದು ಮಾನ್ವಿಯಲ್ಲಿ. ಅಪ್ಪ ಸಂತೆಯಲ್ಲಿ ಒಣಮೆಣಸಿನಕಾಯಿ ಮಾರುತ್ತಿದ್ದ. ದಸ್ತಗೀರನನ್ನು ಹೆತ್ತು ತಾಯಿ ಕಣ್ಣು ಮುಚ್ಚಿದಳು. ಕೂಸನ್ನು ಸೊಂಟಕ್ಕೆ ಕಟ್ಟಿಕೊಂಡೇ ದಾವಲ್ ಬೀ ದೊಡ್ಡವಳಾದಳು, ಸೊಂಟಕ್ಕೆ ಕಟ್ಟಿಕೊಂಡೇ ದೇವದುರ್ಗಕ್ಕೆ ಮದುವೆಯಾಗಿ ಹೋದಳು. ಗಂಡ ಹಮಾಲಿ. ಮೂಟೆ ಹೊತ್ತ ಸಿಟ್ಟನ್ನೆಲ್ಲ ಮನೆಗೆ ತಂದು ಇಳಿಸುತ್ತಿದ್ದ. ಅವಳನ್ನು ಹೊಡೆದಾಗ ಅವಳು ಸುಮ್ಮನಿದ್ದಳು. ಹೊಡೆತ ಅಂದರೆ ಮಳೆ ಬಿಸಿಲಿನ ಹಾಗೆ, ಹೆಂಗಸಿನ ಮೇಲೆ ಬೀಳುವಂಥದ್ದು ಎಂದು ಅವಳಿಗೂ ಯಾರೋ ಹೇಳಿಕೊಟ್ಟಿದ್ದರು. ಒಂದು ಬೆಳಿಗ್ಗೆ ಅವನು ದಸ್ತಗೀರನನ್ನು ಹಿಡಿದ. ಹಿಟ್ಟಿನ ಗಡಿಗೆ ಉರುಳಿಸಿದ್ದಕ್ಕೆ ಕಾಲು ಹಿಡಿದು ಎತ್ತಿ ಗೋಡೆಗೆ ಬೀಸಲು ಹೋದ. ದಾವಲ್ ಬೀ ಬೀಸುಕಲ್ಲಿನ ಗೂಟ ಕಿತ್ತಳು. ಗಂಡನ ಮೊಣಕಾಲ ಚಿಪ್ಪು ಒಡೆದ ಸದ್ದು ಎದುರುಮನೆಯವರಿಗೂ ಕೇಳಿಸಿತಂತೆ. ಅವನು ಕೂಗುತ್ತ ಬಿದ್ದಿದ್ದಾಗಲೇ ಅವಳು ಹುಡುಗನ ಮುಖ ಒರೆಸಿ, ಉಳಿದ ಹಿಟ್ಟನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೊರಟಳು.

ಮಸರಕಲ್ಲಿನ ದಾರಿಯಲ್ಲಿ ಹತ್ತಿ ಹೇರಿದ ಲಾರಿ ಸಿಕ್ಕಿತು. ಡ್ರೈವರ ಇಬ್ಬರನ್ನೂ ಮೇಲೆ ಹತ್ತಿಸಿದ. ಹುಡುಗ ಹತ್ತಿಯಲ್ಲಿ ಹೂತು ನಿದ್ದೆ ಹೋದ. ಆಕಾಶ ಅಷ್ಟು ಹತ್ತಿರ, ಕೆಳಗೆ ಅಷ್ಟು ಮೆತ್ತಗೆ ಎಂದೂ ಇರಲಿಲ್ಲ ಎಂದು ಅವಳು ಹೇಳುತ್ತಿದ್ದಳು. ಲಾರಿ ನಿಂತಲ್ಲಿ ಇಳಿದರು. ಅದು ಶಂಭುಲಿಂಗಪ್ಪನವರ ಹತ್ತಿ ಮಿಲ್ಲಿನ ಅಂಗಳ. ಅಲ್ಲಿಂದ ಮುಂದಕ್ಕೆ ಅವಳು ಹೋಗಲೇ ಇಲ್ಲ.

ಮಿಲ್ಲೆಂದರೆ ತಗಡು ಹೊದಿಸಿದ ಒಂದು ಉದ್ದನೆಯ ಮನೆ. ಎರಡೂ ಗೋಡೆಯ ಉದ್ದಕ್ಕೆ, ಹತ್ತಿಯಿಂದ ಕಾಳು ಬಿಡಿಸುವ ಜಿನ್ನುಗಳ ಸಾಲು. ಒಂದೊಂದು ಜಿನ್ನಿನ ಹಿಂದೆ ಒಬ್ಬೊಬ್ಬ ಹೆಂಗಸು ನಿಂತು, ಬುಟ್ಟಿಯಿಂದ ಹತ್ತಿ ಬಾಚಿ ಬಾಚಿ ಅದರ ಬಾಯಿಗೆ ಕೊಡಬೇಕು. ರೂಲೆಂಬ ಚರ್ಮದ ಉರುಳೆ ಅರಳೆಯನ್ನು ಎಳೆದುಕೊಳ್ಳುತ್ತದೆ, ಕಬ್ಬಿಣದ ಅಲಗು ಕಾಳನ್ನು ಕುಟ್ಟಿ ಕೆಳಗೆ ಉದುರಿಸುತ್ತದೆ. ಬೆರಳು ಒಂದಿಷ್ಟು ಮುಂದೆ ಹೋದರೆ ರೂಲಿಗೆ ಅರಳೆ ಯಾವುದು ಬೆರಳು ಯಾವುದು ಗೊತ್ತಾಗದು. ನೆಲದ ಕಾಲುವೆಯಲ್ಲಿ ಒಂದು ಉದ್ದನೆಯ ಶಾಫ್ಟು ತಿರುಗುತ್ತಿತ್ತು. ಅದರಿಂದ ಒಂದೊಂದು ಜಿನ್ನಿಗೂ ಒಂದೊಂದು ಪಟ್ಟಾ. ಸದ್ದಿಗೆ ಮಾತು ಕೇಳದು. ಹೆಂಗಸರು ಕಣ್ಣು, ಹುಬ್ಬು, ತುಟಿಗಳಲ್ಲಿ ಜಗಳ ಆಡುತ್ತಿದ್ದರು, ನಗುತ್ತಿದ್ದರು.

ಪಕ್ಕದ ಜಿನ್ನಿನ ಬಸವಂತಮ್ಮ ಅವಳಿಗೆ ಕೆಲಸ ಕಲಿಸಿದಳು. ಮೊದಲ ದಿನವೇ ಒಂದು ಮೋಟು ಕಸಬರಿಗೆ ಕೈಗೆ ಕೊಟ್ಟು, ಜಿನ್ನಿನ ಕೆಳಗೆ ಉದುರಿದ ಅರಳೆ ತೋರಿಸಿದಳು. ಕೈ ಬಿಡುವಾದಾಗ ಬಗ್ಗಿ ಗುಡಿಸಿಕೋ, ಉಡಿಗೆ ಹಾಕಿಕೋ, ಅದು ನಿನ್ನದು ಎಂದಳು. ನಿಜಾಮರ ಕಾಲದಿಂದ ಬಂದ ರೂಢಿ ಅದು. ಆದರೆ ರೂಢಿಯನ್ನು ಕೊಡುವ ಬಿಡುವ ಅಧಿಕಾರ ಆಳುಗಳ ಮೇಲ್ವಿಚಾರಕ, ಮುಕಾದಮ ಶರಣಯ್ಯನ ಕೈಯಲ್ಲಿತ್ತು, ಶರಣಯ್ಯನ ಕೈಯಲ್ಲಿ ಹಳೆಯ ಪಟ್ಟಾದ ತುಂಡೊಂದು ಯಾವಾಗಲೂ ಇರುತ್ತಿತ್ತು. ಅವನಿಗೆ ನಕ್ಕು ಮಾತಾಡಿದವರ ಉಡಿ ತುಂಬುತ್ತಿತ್ತು, ಮುಖ ತಿರುಗಿಸಿದವರ ಉಡಿ ಬಾಗಿಲಲ್ಲಿ ಬರಿದಾಗುತ್ತಿತ್ತು.

ದುರುಗಮ್ಮ ಎಂಬ ಹರೆಯದ ಹೆಂಗಸು ಮುಖ ತಿರುಗಿಸಿದವಳು. ಒಂದು ಸಂಜೆ ಶರಣಯ್ಯ ಅವಳ ಉಡಿ ಜಗ್ಗಿ ಹೊಟ್ಟೆಗೆ ಒದ್ದ. ಅವಳು ತುಂಬಿದ ಬಸುರಿ. ದಾವಲ್ ಬೀ ಹಿಂದಿನಿಂದ ಬಂದು, ಪಟ್ಟಾ ಹಿಡಿದ ಅವನ ಕೈಯನ್ನು ಎರಡೂ ಕೈಯಿಂದ ಹಿಡಿದು ಕಚ್ಚಿದಳು. ಅವನು ತಲೆಗೆ ಗುದ್ದಿದ, ಜುಟ್ಟು ಹಿಡಿದು ಗೋಡೆಗೆ ಬಡಿದ. ಅವಳ ಹಲ್ಲು ಸಡಿಲಾಗಲಿಲ್ಲ. ಎಲುಬು ತಾಗುವವರೆಗೆ ಬಿಡಲಿಲ್ಲ. ಜನ ಬಿಡಿಸಿದಾಗ ಅವಳ ಗದ್ದ, ಕೊರಳು, ಎದೆ ಎಲ್ಲ ಕೆಂಪಾಗಿತ್ತು. ಯಾರ ರಕ್ತ ಎಷ್ಟು ಎಂದು ಹೇಳುವ ಹಾಗಿರಲಿಲ್ಲ.

ಶಂಭುಲಿಂಗಪ್ಪನವರು ವಿಭೂತಿ ಹಚ್ಚಿಕೊಂಡು ಗಾದಿಯ ಮೇಲೆ ಕೂತೇ ಇಬ್ಬರ ಮಾತೂ ಕೇಳಿದರು. ಅವಳನ್ನು ತೆಗೆದು ಹಾಕಬಹುದಿತ್ತು. ಆದರೆ ಸುಗ್ಗಿಯ ಕಾಲ, ಹತ್ತಿ ಗುಡ್ಡೆ ಬಿದ್ದಿತ್ತು, ಹೆಂಗಸರೆಲ್ಲ ಅಂಗಳದಲ್ಲಿ ಕೂತುಬಿಟ್ಟಿದ್ದರು. ಅವರು ಒಂದು ತೀರ್ಮಾನ ಹೇಳಿದರು.

"ಉಡ್ಯಾಗ ಹಿಡಿದಷ್ಟು ನಿಮ್ದು. ಉಡಿ ದಾಟಿದ್ದು ಮಿಲ್ಲಿಂದು. ನಡುವ ಯಾರೂ ಕೈ ಹಾಕಂಗಿಲ್ಲ."

ಆ ಮಾತು ಹತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ದುರುಗಮ್ಮನ ಕೂಸು ಉಳಿಯಲಿಲ್ಲ. ಶರಣಯ್ಯನ ತೋರುಬೆರಳು ಮತ್ತೆ ಮಡಚಲಿಲ್ಲ. ದಾವಲ್ ಬೀ ಮಾತ್ರ ದಿನಾ ಸಂಜೆ ತುಂಬಿದ ಉಡಿ ಹೊತ್ತು, ಬಸುರಿಯ ಹಾಗೆ ನಿಧಾನವಾಗಿ, ಸ್ಟೇಷನ್ ರಸ್ತೆಯಲ್ಲಿ ನಡೆದು ಬರುತ್ತಿದ್ದಳು. ಅದು ಅವಳು ಹಲ್ಲಿನಿಂದ ಗಳಿಸಿದ ಹಕ್ಕು.

ದಸ್ತಗೀರ್ ಮಿಲ್ಲಿನಲ್ಲೇ ಬೆಳೆದ. ಮೊದಲು ಕಾಳು ಹೊತ್ತ, ಆಮೇಲೆ ಪಟ್ಟಾ ಹೊಲಿದ. ಮೀಸೆ ಬಂದ ಮೇಲೂ ಅವನು ಎಲ್ಲರ ಬಾಯಲ್ಲಿ ದಾವಲ್ ಬೀಯ ತಮ್ಮನೇ. ಶರಣಯ್ಯನ ಕೈ ನಡುಗತೊಡಗಿದಾಗ ಮುಕಾದಮಿಕೆ ದಸ್ತಗೀರನಿಗೆ ಬಂತು, ಅದರ ಜೊತೆ ಪಟ್ಟಾದ ತುಂಡೂ ಬಂತು. ಅವನು ಅದನ್ನು ಮನೆಗೆ ತಂದು ಗೂಟಕ್ಕೆ ನೇತುಹಾಕಿದ ದಿನ ದಾವಲ್ ಬೀ ಅದನ್ನು ನೋಡಿ, ಇದನ್ನ ಹಿಡಿದ ಕೈಯ ರುಚಿ ನನಗ ಗೊತ್ತದ ಅಂದಳಂತೆ. ಇಬ್ಬರೂ ನಕ್ಕರು. ಆಗ ನಗುವಂಥದ್ದೇ ಆಗಿತ್ತು.

ಎಂಬತ್ಮೂರರ ದಸರೆಯ ಹೊತ್ತಿಗೆ ಸಾವ್ಕಾರರ ಅಳಿಯ ವಿರೂಪಣ್ಣ ಬಂದ. ಎಂಜಿನಿಯರ್ ಓದಿ, ಪುಣೆಯ ಕಡೆ ಒಂದು ದೊಡ್ಡ ಕಾರ್ಖಾನೆಯಲ್ಲಿದ್ದವನು. ಅಲ್ಲಿಗೆ ಜಪಾನಿನವರು ಬಂದು ಕೆಲಸದ ಹೊಸ ರೀತಿ ಕಲಿಸಿದ್ದರಂತೆ. ಕೊಳ್ಳುವವನು ಯಾವುದಕ್ಕೆ ಕಾಸು ಕೊಡುವುದಿಲ್ಲವೋ ಅದೆಲ್ಲ ಹಾಳು ಎಂಬುದು ಅದರ ಮೂಲಮಾತು. ನಡೆಯುವುದು ಹಾಳು, ಕಾಯುವುದು ಹಾಳು, ಬೇಕಿಲ್ಲದ್ದನ್ನು ಗುಡ್ಡೆ ಹಾಕುವುದು ಹಾಳು, ಮಾಡಿದ್ದನ್ನೇ ಮಾಡುವುದು ಹಾಳು.

ಮೊದಲ ದಿನ ಅವನು ಏನೂ ಮಾಡಲಿಲ್ಲ. ಮಿಲ್ಲಿನ ನಡುವೆ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ದುಂಡು ಬರೆದು, ಅದರೊಳಗೆ ನಿಂತ. ಬೆಳಗಿನಿಂದ ಸಂಜೆಯವರೆಗೆ ನಿಂತೇ ಇದ್ದ. ಹೆಂಗಸರಿಗೆ ನಗು ತಡೆಯಲಾಗಲಿಲ್ಲ. ಅಳಿಯ ಸಾವ್ಕಾರಗ ಯಾರೋ ಮಂತ್ರ ಹಾಕಿ ನಿಲ್ಸ್ಯಾರ, ನಿಂಬಿಹಣ್ಣು ಇಳಿಸರ್ರಿ ಎಂದು ದುರುಗಮ್ಮ ಹುಬ್ಬಿನಲ್ಲೇ ಹೇಳಿದಳು.

ನಗು ಬೇಗ ಮರ್ಯಾದೆಯಾಯಿತು. ಹತ್ತಿಯ ಗುಡ್ಡೆ ಅಂಗಳದ ಆಚೆ ತುದಿಯಲ್ಲಿತ್ತು, ಬುಟ್ಟಿ ಹೊತ್ತು ಹೊತ್ತು ಹೆಂಗಸರ ನೆತ್ತಿ ಸವೆದಿತ್ತು. ವಿರೂಪಣ್ಣ ಗೋಡೆಯಲ್ಲಿ ಕಿಂಡಿ ಒಡೆಸಿ, ಜಾರುವ ಹಲಗೆ ಇಡಿಸಿ, ಹತ್ತಿಯನ್ನು ಜಿನ್ನಿನ ಪಕ್ಕಕ್ಕೇ ಬರುವ ಹಾಗೆ ಮಾಡಿದ. ಪಾನಾ, ಸುತ್ತಿಗೆಗಳನ್ನು ಹುಡುಕುವುದು ತಪ್ಪಿಸಲು ಗೋಡೆಯ ಮೇಲೆ ಅವುಗಳ ಚಿತ್ರ ಬರೆಸಿ, ಚಿತ್ರದ ಮೇಲೆಯೇ ನೇತುಹಾಕಿಸಿದ. ಸವೆದ ರೂಲುಗಳನ್ನು ಕೆಡುವ ಮೊದಲೇ ಬದಲಿಸಿದ. ಬಸವಂತಮ್ಮ ಮುಪ್ಪಿನ ಸೊಂಟ ನೆಟ್ಟಗೆ ಮಾಡಿ, ಈ ಹುಡುಗನ ಹೊಟ್ಟಿ ತಣ್ಣಗಿರಲಿ ಎಂದಳು. ಅದು ಸುಳ್ಳು ಹಾರೈಕೆಯಲ್ಲ.

ದಸ್ತಗೀರನನ್ನು ಅವನು ಬಹುವಚನದಲ್ಲಿ ಮಾತಾಡಿಸುತ್ತಿದ್ದ. ಏನು ಮಾಡಿದರೂ ಯಾಕೆ ಎಂದು ತಿಳಿಸಿ ಹೇಳುತ್ತಿದ್ದ. ದಸ್ತಗೀರ್ ಮನೆಗೆ ಬಂದು, ತಾನು ಆಪಾ ಎಂದು ಕರೆಯುವ ಅಕ್ಕನ ಮುಂದೆ ಜಪಾನಿನ ಮಾತು ಒಪ್ಪಿಸುತ್ತಿದ್ದ. ಮೊದಲ ಸಲ ಅವನನ್ನು ಯಾರೋ ದಾವಲ್ ಬೀಯ ತಮ್ಮ ಅನ್ನದೆ ಬೇರೆ ಏನೋ ಎಂದು ನೋಡಿದ್ದರು.

ಆಮೇಲೆ ದುಂಡಿನೊಳಗೆ ನಿಂತವನ ಕಣ್ಣು ಕಸಬರಿಗೆಯ ಮೇಲೆ ಬಿತ್ತು. ಹೆಂಗಸರು ಗಳಿಗೆಗೊಮ್ಮೆ ಬಗ್ಗುತ್ತಾರೆ, ಬಗ್ಗಿದಾಗ ಜಿನ್ನಿನ ಬಾಯಿ ಖಾಲಿ ತಿರುಗುತ್ತದೆ. ಗುಡಿಸಿದ್ದು ಉಡಿಯಲ್ಲಿ ಹೊರಗೆ ಹೋಗುತ್ತದೆ. ಎರಡೂ ಹಾಳು. ಅವನು ಮಾವನ ಹತ್ತಿರ ಮಾತಾಡಿದ. ಶಂಭುಲಿಂಗಪ್ಪನವರು ತಮ್ಮ ಹಳೆಯ ಮಾತು ನೆನಪಿಸಿದರು, ಆದರೆ ಅವರಿಗೂ ವಯಸ್ಸಾಗಿತ್ತು, ಅಳಿಯ ಬಂದ ಮೇಲೆ ಒತ್ತಿ ಕಟ್ಟಿದ ಅರಳೆಯ ಅಂಡಿಗೆಗಳು ಹೆಚ್ಚು ಬೀಳುತ್ತಿದ್ದುದನ್ನು ಕಣ್ಣಾರೆ ಕಂಡಿದ್ದರು. ಕಸಬರಿಗೆಗಳನ್ನು ಇಸಿದುಕೊಳ್ಳಲಾಯಿತು. ಸಂಜೆಗೊಮ್ಮೆ ಒಬ್ಬ ಆಳು ಬಂದು ನಡುವಿನ ದಾರಿ ಗುಡಿಸುವುದು ಎಂದಾಯಿತು. ನಾಲ್ಕು ಬಾಗಿಲುಗಳಲ್ಲಿ ಹಿಂದಿನ ಮೂರಕ್ಕೆ ಸರಪಳಿ ಬಿತ್ತು. ಹೋಗುವ ದಾರಿ ಒಂದೇ ಆದರೆ ನೋಡುವ ಕಣ್ಣೂ ಒಂದೇ ಸಾಕು ಎಂದ ವಿರೂಪಣ್ಣ. ಆ ಒಂದು ಬಾಗಿಲಿಗೆ ಅಡ್ಡಕಟ್ಟಿಗೆ ಇಟ್ಟು, ಒಬ್ಬೊಬ್ಬರೇ ಹಾಯುವ ಹಾಗೆ ಮಾಡಿ, ದಸ್ತಗೀರನನ್ನು ನಿಲ್ಲಿಸಿದ. ಹೆಂಗಸರು ಉಡಿ ಬಿಚ್ಚಿ ಝಾಡಿಸಿ ತೋರಿಸಿ ಹೋಗಬೇಕು.

ಮೊದಲ ಸಂಜೆ ಬಸವಂತಮ್ಮ ಝಾಡಿಸಿದಳು, ದುರುಗಮ್ಮ ಬೈಯುತ್ತ ಝಾಡಿಸಿದಳು. ದಾವಲ್ ಬೀ ಕಸಬರಿಗೆ ಇಲ್ಲದಿದ್ದರೂ ಕೈಯಿಂದಲೇ ಬಾಚಿ ತುಂಬಿಸಿಕೊಂಡ ಉಡಿಯೊಂದಿಗೆ ಬಂದು, ತಮ್ಮನ ಮುಖವನ್ನೂ ನೋಡದೆ ಹಾಯ್ದು ಹೋದಳು. ಅವನು ಕಣ್ಣು ಕೆಳಗೆ ಹಾಕಿದ.

ಮರುದಿನ ದುರುಗಮ್ಮ ಅಡ್ಡಕಟ್ಟಿಗೆಯ ಮುಂದೆ ನಿಂತು, ಉಡಿ ಬಿಚ್ಚುವ ಮೊದಲು ಎಲ್ಲರಿಗೂ ಕೇಳುವ ಹಾಗೆ ಕೇಳಿದಳು.

"ಯಾಕ್ ಮುಕಾದಮ, ನಿಮ್ಮಕ್ಕಂದು ಉಡಿ, ನಮ್ದು ಕಳ್ಳರ ಜೋಳಿಗೇನು? ಜಪಾನಿನ್ಯಾಗ ಅಕ್ಕಂದಿರಿಗಿ ಬ್ಯಾರೆ ಬಾಗಲ ಇರ್ತದೇನಪಾ?"

ಸಾಲು ನಕ್ಕಿತು. ವಿರೂಪಣ್ಣ ದೂರದಿಂದ ನೋಡುತ್ತಿದ್ದ, ನಗಲಿಲ್ಲ. ದಸ್ತಗೀರನ ಕಿವಿ ಕೆಂಪಾಯಿತು.

ದಾವಲ್ ಬೀ ಕೊನೆಗೆ ಬಂದಳು. ಉಡಿ ತುಂಬಿತ್ತು.

"ಝಾಡಿಸು ಆಪಾ."

"ಇದು ನನ್ನ ಹಕ್ಕು. ಯಾರ ಕೈ ಕಚ್ಚಿ ತಗೊಂಡೀನಿ, ನಿನಗ ಗೊತ್ತದ. ಆಚಿ ಸರಿ."

ಅವನು ಉಡಿಗೆ ಕೈ ಹಾಕಿದ. ಹಳೆಯ ಸೀರೆ, ಪರ್ ಎಂದು ಸೊಂಟದವರೆಗೆ ಹರಿಯಿತು. ಅರಳೆ ನೆಲದ ಮೇಲೆ ಬಿತ್ತು, ಹೊರಗಿನ ಗಾಳಿಗೆ ಉರುಳಾಡಿತು. ಎಲ್ಲರ ಮುಂದೆ ಅವಳ ಲಂಗ ಕಾಣಿಸಿತು. ದಾವಲ್ ಬೀ ಕೈ ಎತ್ತಿ ತಮ್ಮನ ಕಪಾಳಕ್ಕೆ ಬಾರಿಸಿದಳು. ಚಿಕ್ಕಂದಿನಲ್ಲಿ ಹೊಡೆಯುತ್ತಿದ್ದ ಹಾಗೆಯೇ, ಅದೇ ಕೆನ್ನೆಗೆ. ಅವನ ತಲೆ ಅಡ್ಡಕ್ಕೆ ತಿರುಗಿತು, ತಿರುಗಿ ಬಂದಾಗ ಅವನ ಕೈಯಲ್ಲಿ ಪಟ್ಟಾ ಮೇಲೆದ್ದಿತ್ತು.

ಒಂದೇ ಏಟು. ಪಟ್ಟಾದ ತುದಿಯಲ್ಲಿ ಹಳೆಯ ಹೊಲಿಗೆಯ ಲೋಹದ ಕೊಂಡಿ ಇತ್ತು. ಅದು ಕಣ್ಣಿಗೆ ತಾಗಿತು.

ಅವಳು ಬೀಳಲಿಲ್ಲ. ಬಗ್ಗಿ ನೆಲದ ಮೇಲಿನ ಅರಳೆಯನ್ನು ಹಿಡಿ ತುಂಬ ತೆಗೆದುಕೊಂಡು ಮುಖಕ್ಕೆ ಒತ್ತಿಕೊಂಡಳು. ಅದು ಕೆಂಪಾಗಿ, ತೊಟ್ಟಿಕ್ಕುವವರೆಗೆ ಹಿಡಿದುಕೊಂಡಿದ್ದಳು. ಆಮೇಲೆ ತಮ್ಮನ ಕಾಲ ಬಳಿ ಹಾಕಿದಳು.

"ತಗೋ, ಮಿಲ್ಲಿನ ಅರಳಿ. ತಕ್ಕಡಿಗಿ ಹಾಕು. ಹಸಿ ಅದ, ತೂಕ ಜಾಸ್ತಿ ಬರ್ತದ."

ಅವನೊಂದಿಗೆ ಅವಳು ಆಡಿದ ಮಾತು ಅಲ್ಲಿಗೆ ನಿಂತಿತು. ಒಂದೇ ಮನೆ, ಒಂದೇ ಒಲೆ. ಅವಳು ತನ್ನೊಬ್ಬಳಿಗೆ ರೊಟ್ಟಿ ಬಡಿಯುತ್ತಿದ್ದಳು, ಅವನು ಹೋಟೆಲಿನಲ್ಲಿ ತಿಂದು ಬಂದು ಹೊರಗಿನ ಕಟ್ಟೆಯ ಮೇಲೆ ಮಲಗುತ್ತಿದ್ದ. ನೀರಮಾನ್ವಿಯಿಂದ ಅವನಿಗೆ ಒಂದು ಹೆಣ್ಣು ಗೊತ್ತಾಗಿತ್ತು. ಸಾಕಿದ ಅಕ್ಕನ ಕಣ್ಣು ತೆಗೆದವನಿಗೆ ಮಗಳನ್ನು ಕೊಡುವುದಿಲ್ಲವೆಂದು ಅವರು ಹೇಳಿ ಕಳಿಸಿದರು. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ದಾವಲ್ ಬೀ ಮತ್ತೆ ಜಿನ್ನಿಗೆ ಬಂದಳು. ಒಂದು ಕಣ್ಣಿನ ಅಳತೆಗೆ ಬೆರಳು ಒಗ್ಗುವವರೆಗೆ ಎರಡು ಉಗುರು ಹೋದವು. ಸಂಜೆ ಬರಿದಾದ ಉಡಿಯನ್ನು ಬಿಚ್ಚಿ ಹಿಡಿದೇ ಬಾಗಿಲಿಗೆ ಬರುತ್ತಿದ್ದಳು, ಅವನು ಹರಿದ ಅದೇ ಸೀರೆಯಲ್ಲಿ. ದಸ್ತಗೀರ್ ಬೇರೆ ಕಡೆ ನೋಡುತ್ತಿದ್ದ. ಆದರೆ ಬೇರೆ ಹೆಂಗಸರ ಮೇಲೆ ಅವನ ಪಟ್ಟಾ ಮೊದಲಿಗಿಂತ ಹೆಚ್ಚು ಆಡತೊಡಗಿತು, ಸಣ್ಣ ತಪ್ಪಿಗೂ, ತಪ್ಪಿಲ್ಲದೆಯೂ. ಅಕ್ಕನನ್ನು ಹೊಡೆದ ಕೈಗೆ ಇನ್ನು ಯಾರನ್ನು ಹೊಡೆಯಲು ಸಂಕೋಚ.

ಅಂಡಿಗೆಗಳು ಏರುತ್ತಲೇ ಇದ್ದವು. ಸಂಕ್ರಾಂತಿಗೆ ಎಲ್ಲರಿಗೂ ಲಾಡು ಹಂಚಿದರು. ನಡುವಿನ ದಾರಿ ದಿನಾ ಸಂಜೆ ಕನ್ನಡಿಯ ಹಾಗೆ ಇರುತ್ತಿತ್ತು. ಜಿನ್ನುಗಳ ಕೆಳಗೆ, ಶಾಫ್ಟು ತಿರುಗುವ ಕಾಲುವೆಯಲ್ಲಿ, ತಗಡಿನ ಸಂದಿಯಲ್ಲಿ ಮಾತ್ರ ಅರಳೆಯ ನವಿರು ಇಳಿದು ಇಳಿದು, ಕಾದ ಹಾಲಿನ ಮೇಲೆ ಕೆನೆ ಕಟ್ಟುವ ಹಾಗೆ ಕಟ್ಟುತ್ತಿತ್ತು. ಅದನ್ನು ಯಾರೂ ಬಗ್ಗಿ ನೋಡಲಿಲ್ಲ. ಬಗ್ಗುವುದು ನಿಂತೇ ಹೋಗಿತ್ತು.

ಮಾಘದ ಒಂದು ಮಧ್ಯಾಹ್ನ ಮೊದಲು ಸುಟ್ಟ ಚರ್ಮದ ವಾಸನೆ ಬಂತು. ಶಾಫ್ಟಿನ ಒಂದು ಬೇರಿಂಗು ಕಾದಿತ್ತು. ಅದೇನು ಹೊಸದಲ್ಲ, ಪ್ರತಿ ಸುಗ್ಗಿಗೂ ಒಂದೆರಡು ಸಲ ಕಾಯುತ್ತಿತ್ತು, ಎಣ್ಣೆ ಬಿಟ್ಟರೆ ತಣಿಯುತ್ತಿತ್ತು. ಈ ಸಲ ಅದರ ಮೇಲೆ ಅರಳೆಯ ಕೆನೆ ಇತ್ತು. ಅರಳೆಗೆ ಬೆಂಕಿ ಬಿದ್ದರೆ ಉರಿಯುವುದಿಲ್ಲ, ಓಡುತ್ತದೆ. ಕಾಲುವೆಯ ಉದ್ದಕ್ಕೂ ನೀಲಿ ಹಾವಿನ ಹಾಗೆ ಓಡಿ, ಒಂದೊಂದು ಜಿನ್ನಿನ ಬುಡದಲ್ಲೂ ತಲೆ ಎತ್ತಿತು. ಉಸಿರು ಬಿಡುವಷ್ಟರಲ್ಲಿ ಮಿಲ್ಲಿನ ಅರ್ಧ ಬೆಳಕಾಯಿತು.

ಹೆಂಗಸರೆಲ್ಲ ಆ ಒಂದು ಬಾಗಿಲಿಗೆ ನುಗ್ಗಿದರು. ಅಡ್ಡಕಟ್ಟಿಗೆಗೆ ಮೊದಲನೆಯವಳ ಹೊಟ್ಟೆ ಸಿಕ್ಕಿತು, ಅವಳ ಮೇಲೆ ಎರಡನೆಯವಳು, ಅವರ ಮೇಲೆ ಉಳಿದವರು. ಕೂದಲು ಹಿಡಿದು ಜಗ್ಗಿದರು, ತುಳಿದರು, ಕಚ್ಚಿದರು. ದಿನಾ ಹುಬ್ಬಿನಲ್ಲಿ ನಗುತ್ತಿದ್ದವರು ಒಬ್ಬರನ್ನೊಬ್ಬರು ಉಗುರಿನಿಂದ ಪರಚಿ ದಾರಿ ಮಾಡಿಕೊಂಡರು. ದಸ್ತಗೀರ್ ಅಡ್ಡಕಟ್ಟಿಗೆಯನ್ನು ಒದ್ದು ಮುರಿದ. ಹೊರಬಂದವರ ಮುಖಗಳನ್ನು ಒಂದೊಂದೇ ನೋಡಿದ. ಆಪಾ ಇರಲಿಲ್ಲ. ಒಳಗೆ ಬಾಗಿಲಿನ ಮೇಲಿನ ತೊಲೆ ಬಿತ್ತು, ಆ ದಾರಿ ಮುಚ್ಚಿತು.

ಅವನು ಸರಪಳಿ ಹಾಕಿದ್ದ ಹಿಂದಿನ ಒಂದು ಬಾಗಿಲಿಗೆ ಓಡಿದ. ತಗಡಿನ ಬಾಗಿಲು, ಒಳಗಿನಿಂದ ಬಡಿಯುವ ಸದ್ದು ಕೇಳುತ್ತಿತ್ತು. ಬೀಗದ ಕೈ ಅವನ ಸೊಂಟದಲ್ಲೇ ಇತ್ತು. ಬೀಗ ಕಾದಿತ್ತು. ಹಿಡಿದ, ತಿರುಗಿಸಿದ, ಸರಪಳಿ ಜಗ್ಗಿದ. ತಗಡು ಬೆಂಕಿಗೆ ಸೊಟ್ಟಗಾಗಿ, ತೆರೆದರೂ ಮತ್ತೆ ತಾನೇ ಬಂದು ಬಡಿದುಕೊಳ್ಳುತ್ತಿತ್ತು. ಅವನು ಎರಡೂ ಅಂಗೈಗಳನ್ನು ಅದಕ್ಕೆ ಕೊಟ್ಟು, ಹೊರಕ್ಕೆ ಒತ್ತಿ ಹಿಡಿದು ನಿಂತ. ಅವನ ತೋಳಿನ ಕೆಳಗೆ ಹೆಂಗಸರು ಹಾಯ್ದು ಹೊರಗೆ ಬಿದ್ದರು. ಕೆಲವರು ತಾವೇ ಉರಿಯುತ್ತಿದ್ದರು. ಅಂಗಳದಲ್ಲಿ ಹಮಾಲರು ಅವರ ಮೇಲೆ ಗೋಣಿ ಹಾಕಿ ಹೊರಳಿಸುತ್ತಿದ್ದರು.

ಎಲ್ಲರ ಕೊನೆಗೆ ದಾವಲ್ ಬೀ ಬಂದಳು. ದುರುಗಮ್ಮನ ಸೆರಗು ಜಿನ್ನಿನ ರೂಲಿಗೆ ಸಿಕ್ಕಿತ್ತು. ಅದನ್ನು ಹಲ್ಲಿನಿಂದ ಹರಿದು, ಅವಳನ್ನು ಜುಟ್ಟು ಹಿಡಿದು ನೆಲದ ಮೇಲೆ ಎಳೆದುಕೊಂಡು ಬಂದಿದ್ದಳು. ಹೊರಗೆ ದಾಟಿಸಿ, ತಿರುಗಿ ತಮ್ಮನನ್ನು ನೋಡಿದಳು. ಅವನು ಇನ್ನೂ ತಗಡು ಹಿಡಿದೇ ಇದ್ದ. ಬಿಡಲು ಆಗುತ್ತಿರಲಿಲ್ಲ. ಅಂಗೈ ತಗಡಿಗೆ ಹತ್ತಿತ್ತು. ಅವಳು ಕಾಲೆತ್ತಿ ಅವನ ಮೊಣಕೈಗಳಿಗೆ ಒದ್ದಳು, ಒಂದಕ್ಕೆ, ಆಮೇಲೆ ಇನ್ನೊಂದಕ್ಕೆ. ಅವನು ಹಿಂದಕ್ಕೆ ಬಿದ್ದ. ತಗಡಿನ ಮೇಲೆ ಎರಡು ಅಂಗೈಗಳ ಚರ್ಮ ಉಳಿಯಿತು.

ಬಸವಂತಮ್ಮ ಹೊರಗೆ ಬರಲಿಲ್ಲ. ಮೊದಲ ಬಾಗಿಲಿನ ಹತ್ತಿರ, ಅಡ್ಡಕಟ್ಟಿಗೆಯ ಒಳಬದಿಗೆ ಸಿಕ್ಕಳು. ತುಳಿತದಿಂದ ಹೋದಳೋ ಬೆಂಕಿಯಿಂದಲೋ ಯಾರಿಗೂ ತಿಳಿಯಲಿಲ್ಲ. ಅವಳ ಸೊಂಟದಲ್ಲಿ ಒಂದು ಮೋಟು ಕಸಬರಿಗೆಯ ಸುಟ್ಟ ಬುಡವಿತ್ತು. ಎಲ್ಲರೂ ಒಪ್ಪಿಸಿದಾಗ ಅವಳು ಒಪ್ಪಿಸಿರಲಿಲ್ಲ, ಸೀರೆಯೊಳಗೆ ಮುಚ್ಚಿಟ್ಟುಕೊಂಡಿದ್ದಳು. ಅವಳ ಜಿನ್ನಿನ ಬುಡ ಒಂದೇ ಕೊನೆಗೆ ಹತ್ತಿಕೊಂಡಿತೆಂದು ದುರುಗಮ್ಮ ಹೇಳುತ್ತಾಳೆ.

ದಸ್ತಗೀರ್ ದವಾಖಾನೆಯಿಂದ ಬಂದಾಗ ಬೇಸಿಗೆ ಕಾಲಿಟ್ಟಿತ್ತು. ಬೆರಳುಗಳು ಒಂದಕ್ಕೊಂದು ಕೂಡಿ ಒಳಕ್ಕೆ ಮಡಚಿ ಕೂತಿದ್ದವು. ದಾವಲ್ ಬೀ ಅವನನ್ನು ಕಟ್ಟೆಯಿಂದ ಒಳಗೆ ಕರೆದುಕೊಂಡಳು, ಮಾತಾಡಿ ಅಲ್ಲ, ಹಾಸಿಗೆಯನ್ನು ಒಳಗೆ ಹಾಸಿ. ಅನ್ನ ಕಲಸಿ ತುತ್ತು ಮಾಡಿ ಬಾಯಿಗಿಟ್ಟಳು. ಅವನು ಅಳುತ್ತ ತಿಂದ ದಿನವೂ ಇತ್ತು, ಬಾಯಿ ಬಿಗಿದು ಕೂತ ದಿನವೂ ಇತ್ತು. ಬಿಗಿದ ದಿನ ಅವಳು ದವಡೆ ಅಮುಕಿ ಬಾಯಿ ತೆರೆಸುತ್ತಿದ್ದಳು. ಮಾತು ಮಾತ್ರ ಇಲ್ಲ.

ಒಂದು ದಿನ ವಿರೂಪಣ್ಣ ಬಂದ. ಒಳಗೆ ಕರೆದರೂ ಬರದೆ ಹೊಸ್ತಿಲ ಹೊರಗೇ ಕೂತ. ಬಹಳ ಇಳಿದಿದ್ದ. ಸುಟ್ಟ ಮಿಲ್ಲಿನೊಳಗೆ ಆ ದುಂಡು ಬರೆದ ಜಾಗದಲ್ಲಿ ಮತ್ತೆ ಹೋಗಿ ನಿಂತಿದ್ದೆ ಎಂದ.

"ನೀವು ಬಗ್ಗೋದು ನೋಡಿದೆ ದಾವಲ್ ಬೀ. ಎಷ್ಟು ಸಲ ಬಗ್ಗತೀರಿ ಅಂತ ಲೆಕ್ಕ ಹಾಕಿದೆ. ಬಗ್ಗದಿದ್ರ ಏನಾಗ್ತದ ಅಂತ ನೋಡಲಿಲ್ಲ."

ಅವಳು ಅವನನ್ನು ಇರುವ ಒಂದು ಕಣ್ಣಿನಿಂದ ನೋಡಿದಳು.

"ನಾವೂ ಬೆಂಕಿ ಸಲುವಾಗಿ ಬಗ್ಗಿದ್ದಲ್ರಿ ಸಾವ್ಕಾರ. ಅರಳಿ ಸಲುವಾಗಿ ಬಗ್ಗಿದ್ವಿ. ಬೆಂಕಿ ನಮಗೂ ಗೊತ್ತಿರಲಿಲ್ಲ."

ಮುಂದಿನ ಸುಗ್ಗಿಗೆ ಮಿಲ್ಲು ಮತ್ತೆ ನಿಂತಿತು. ವಿರೂಪಣ್ಣ ಜಾರುವ ಹಲಗೆ ಬಿಡಲಿಲ್ಲ, ಗೋಡೆಯ ಮೇಲಿನ ಸುತ್ತಿಗೆಯ ಚಿತ್ರಗಳನ್ನೂ ಮತ್ತೆ ಬರೆಸಿದ. ನಾಲ್ಕು ಬಾಗಿಲುಗಳಿಗೆ ಮಾತ್ರ ಕದವನ್ನೇ ಇಡಿಸಲಿಲ್ಲ. ಒಂದೊಂದು ಜಿನ್ನಿನ ಪಕ್ಕ ಒಂದೊಂದು ಗೂಟ, ಗೂಟಕ್ಕೆ ಕಸಬರಿಗೆ. ಬಸವಂತಮ್ಮನ ಜಿನ್ನಿನ ಗೂಟದಿಂದ ಕಸಬರಿಗೆ ತೆಗೆದುಕೊಂಡವಳು ಅವಳ ಮಗಳು. ಉಡಿ ಹೆಂಗಸರದ್ದು ಎಂದು ವಿರೂಪಣ್ಣ ಅಂಗಳದಲ್ಲಿ ನಿಂತು ಹೇಳಿದ. ದುರುಗಮ್ಮ ಸುಟ್ಟು ಗಂಟಾದ ಕಿವಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಜಪಾನಿನವರಿಗೂ ಒಂದು ಕಾಗದ ಬರದು ತಿಳಿಸ್ರಿ ಅಂದಳು. ಈ ಸಲ ವಿರೂಪಣ್ಣ ಮೊದಲು ನಕ್ಕ.

ಆ ಸಂಜೆ ದಾವಲ್ ಬೀ ಉಡಿ ತುಂಬಿಕೊಂಡು ಮನೆಗೆ ಬಂದಳು. ದಸ್ತಗೀರ್ ಗೋಡೆಗೊರಗಿ ಕೂತಿದ್ದ. ಅವಳು ಅರಳೆಯನ್ನು ಚಾಪೆಯ ಮೇಲೆ ಸುರಿದು, ಬಿಡಿಸಿ, ಎರಡು ಪುಟ್ಟ ದಿಂಬು ಹೊಲಿದಳು. ಒಂದೊಂದನ್ನು ಅವನ ಒಂದೊಂದು ಮೊಂಡುಗೈಯ ಕೆಳಗಿಟ್ಟಳು. ಅವನು ತಲೆ ಎತ್ತದೆ ಹೇಳಿದ:

"ಆಪಾ, ಒಂದು ಸಲ ಹೊಡಿ. ಅದೇ ಪಟ್ಟಾ ತಗೊಂಡು ಹೊಡಿ. ಇಲ್ಲಾ ಬೈ. ಹಿಂಗ ಸುಮ್ಮನ ಉಣಿಸಬ್ಯಾಡ."

ಪಟ್ಟಾ ಗೂಟದ ಮೇಲೆ ಹಾಗೆಯೇ ಇತ್ತು. ಬೆಂಕಿಯ ದಿನ ಮನೆಯಲ್ಲಿ ಮರೆತು ಹೋಗಿದ್ದ. ಅವಳು ಎದ್ದು ಅದನ್ನು ತೆಗೆದಳು. ಅವನು ಕಣ್ಣು ಮುಚ್ಚಿ ಕೆನ್ನೆ ಮುಂದೆ ಮಾಡಿದ. ಅವಳು ಈಳಿಗೆ ಮಣೆಯ ಮುಂದೆ ಕೂತು, ಕಾಲಿನಲ್ಲಿ ಮಣೆ ಒತ್ತಿ ಹಿಡಿದು, ಪಟ್ಟಾವನ್ನು ಕೊಯ್ಯತೊಡಗಿದಳು. ಗಟ್ಟಿ ಪಟ್ಟಾ, ಬಹಳ ಹೊತ್ತು ಹಿಡಿಯಿತು. ಕೊಂಡಿ ಇದ್ದ ತುದಿಯನ್ನು ಅಂಗಳಕ್ಕೆ ಎಸೆದಳು. ಉಳಿದದ್ದರಲ್ಲಿ ಒಂದು ಅಗಲ ತುಂಡಿಗೆ ದಬ್ಬಣದಿಂದ ತೂತು ಮಾಡಿ, ದಾರ ಏರಿಸಿ, ಅವನ ಬಲ ಮಣಿಕಟ್ಟಿಗೆ ಸುತ್ತಿದಳು. ಅದರೊಳಗೆ ಒಂದು ಚಮಚ ತೂರಿಸಿ ದಾರ ಬಿಗಿದಳು. ಬೇಕಾದದ್ದಕ್ಕಿಂತ ಬಿಗಿಯಾಗಿ. ಅವನು ನೋವಿಗೆ ಹಲ್ಲು ಕಚ್ಚಿದ. ಅವಳು ಸಡಿಲಿಸಲಿಲ್ಲ.

ಬೇಳೆ ಅನ್ನದ ತಟ್ಟೆ ಮುಂದಿಟ್ಟಳು.

"ಖಾ," ಅಂದಳು, ತಿನ್ನು ಎಂದು.

ಅವನು ಚಮಚ ಎತ್ತಿದ. ಚಮಚ ವಾಲಿ ಅರ್ಧ ಬೇಳೆ ಚಾಪೆಯ ಮೇಲೆ, ಹೊಸ ದಿಂಬಿನ ಮೇಲೆ ಬಿತ್ತು. ಅವನು ಹೆದರಿ ಅಕ್ಕನ ಮುಖ ನೋಡಿದ.

"ಚೆಲ್ಲಲಿ," ಅಂದಳು ದಾವಲ್ ಬೀ. "ಖಾ ರೇ."